ಹಾರದ ದಿನಗಳ ಲೆಕ್ಕ

ನೋರೀನ್ ಕ್ಯಾಸ್ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಪತ್ರಿಕೆಯ ಒಂದು ಮೂಲೆಯಲ್ಲಿ ತಿದ್ದುಪಡಿ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು.

ಆಂಕರೇಜಿನ ಆ ಪತ್ರಿಕೆಯಲ್ಲಿ ಅವಳದು ಬಹಳ ವರ್ಷದ ನೌಕರಿ. ಅಲಾಸ್ಕದ ಪಶ್ಚಿಮಕ್ಕೆ, ನದಿಗಳು ಹರಡಿಕೊಂಡು ಸಮುದ್ರ ಸೇರುವ ಬಯಲಿನಲ್ಲಿ ರಸ್ತೆಯೆಂಬುದಿಲ್ಲ. ಹೆರಿಗೆಗೆ ಹೋಗುವವಳು, ಹಲ್ಲು ಕೀಳಿಸಿಕೊಳ್ಳುವವನು, ಟಪಾಲು, ಈರುಳ್ಳಿ ಮೂಟೆ, ಹೆಣ, ಎಲ್ಲಕ್ಕೂ ಸಣ್ಣ ವಿಮಾನವೇ ಗತಿ. ಒಂದು ಚಳಿಗಾಲದಲ್ಲಿ ಅಲ್ಲಿ ವಿಮಾನವೊಂದು ಬಿದ್ದು ಇಬ್ಬರು ಶಾಲಾ ಶಿಕ್ಷಕಿಯರು ಸತ್ತರು. ವಾರಗಟ್ಟಲೆ ಪತ್ರಿಕೆಯ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. "ಕಾರಣಗಿರಣ ಎಲ್ಲ ಇರ್ಲಿ ಬಿಡಿ. ಯಾವ ಕಂಪನಿ ವಿಮಾನ ಹತ್ಬೇಕು, ಯಾವ್ದು ಹತ್ಬಾರ್ದು, ಅಷ್ಟು ಹೇಳಿ ಸಾಕು," ಎಂದು ಜನ ಕೇಳಿದರು.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಂಥ ಪ್ರಶ್ನೆಗೆ ಉತ್ತರ ಕೊಡಲೆಂದೇ ತಾನು ಈ ಕಸುಬಿಗೆ ಬಂದದ್ದೆಂದು ನೋರೀನಳಿಗೂ ಅನ್ನಿಸಿತು. ಹತ್ತು ವರ್ಷದ ಸರ್ಕಾರಿ ದಾಖಲೆಗಳನ್ನು ತರಿಸಿಕೊಂಡು, ಆ ಬಯಲಿನಲ್ಲಿ ಹಾರುತ್ತಿದ್ದ ಆರು ಕಂಪನಿಗಳ ಅಪಘಾತಗಳನ್ನೆಲ್ಲ ಸೋಸಿ, ಯಾರದೆಷ್ಟು ಎಂದು ಒಂದರ ಕೆಳಗೊಂದು ಜೋಡಿಸಿದಳು. ಎಲ್ಲಕ್ಕಿಂತ ಮೇಲೆ ಬಂದದ್ದು ಸಿಲ್ವರ್ ಟರ್ನ್. ಹೊಸ ವಿಮಾನ, ಹೊಸ ಬಣ್ಣ. ಅಪಘಾತದ ಮನೆಯಲ್ಲಿ ಸೊನ್ನೆ. ಎಲ್ಲಕ್ಕಿಂತ ಕೆಳಗೆ ಓಸ್ಟ್‌ಬಿ ಏರ್. ಪೋರ್ಟ್ ಲೆಸ್ಲಿ ಎಂಬ ನದೀತೀರದ ಊರಿನಲ್ಲಿ ಹಾರ್ಲನ್ ಓಸ್ಟ್‌ಬಿ ಎಂಬ ಮುದುಕ ನಡೆಸುತ್ತಿದ್ದ ಹಳೇ ಕಂಪನಿ ಅದು. ಚಕ್ರ ಮುರಿದದ್ದು, ಜಲ್ಲಿಯ ಮೇಲೆ ಜಾರಿ ಗುಂಡಿಗೆ ಇಳಿದದ್ದು, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿದ್ದು ಎಂದು ಅವನ ಹೆಸರಿನ ಮುಂದೆ ಹನ್ನೊಂದು ಘಟನೆ. ಒಂದರಲ್ಲೂ ಯಾರೂ ಸತ್ತಿರಲಿಲ್ಲ; ಶಿಕ್ಷಕಿಯರು ಸತ್ತ ವಿಮಾನವೂ ಅವನದಲ್ಲ. ಅದನ್ನೂ ನೋರೀನ್ ಬರೆದಿದ್ದಳು, ಆದರೆ ಲೇಖನದ ಕೊನೆಯ ಕಡೆಗೆ, ಅರ್ಧ ಜನ ಓದು ನಿಲ್ಲಿಸಿದ ಮೇಲೆ ಬರುವ ಜಾಗದಲ್ಲಿ.

ಅಚ್ಚಿಗೆ ಹೋಗುವ ಮುಂಚೆ ಅವನಿಗೊಂದು ಫೋನು ಮಾಡಿದ್ದಳು, ನ್ಯಾಯವಾಗಿ.

"ಏನಮ್ಮಾ, ನನ್ನನ್ನ ಕಡೇ ಬೆಂಚಲ್ಲಿ ಕೂರಿಸ್ತಿದೀರಂತೆ?" ಎಂದ ಹಾರ್ಲನ್. ಗಂಟಲು ಮರಳುಕಾಗದದಂತಿತ್ತು.

"ನಾನು ಕೂರಿಸ್ತಿಲ್ಲ ಸರ್. ದಾಖಲೆ ಹೇಳ್ತಿದೆ."

"ದಾಖಲೆ ಹೇಳೋದು ನಾನು ಹೇಳಿದ್ದನ್ನೇ ಅಲ್ವಾ? ರೆಕ್ಕೆ ಗೀರಿದ್ರೂ ಸರ್ಕಾರಿ ಆಫೀಸಿಗೆ ತಿಳಿಸೋ ಹುಚ್ಚ ನಾನು. ತಿಳಿಸದೇ ಇರೋರದು ಎಲ್ಲಿಂದ ಎಣಿಸ್ತೀರಿ?"

"ಬೇರೆಯವರು ಮುಚ್ಚಿಟ್ಟಿದಾರೆ ಅಂತೀರಾ? ಯಾರು? ಹೆಸರು ಹೇಳ್ತೀರಾ?"

"ಪಕ್ಕದ ಮನೆಯವನ ಅಡಿಗೆಮನೆ ನಾನು ನೋಡಿಲ್ಲ. ನೋಡದೆ ಹೇಳೋನಲ್ಲ. ಆದ್ರೆ ಒಂದು ಮಾತು. ಹಾರಿದ್ದನ್ನೆಲ್ಲ ಎಣಿಸಿದೀರಿ. ಹಾರದೆ ಕೂತಿದ್ದನ್ನ ಯಾರಮ್ಮ ಎಣಿಸ್ತಾರೆ? ಹೋದ ಚಳಿಗಾಲ ನಮ್ಮ ವಿಮಾನಗಳು ಎಷ್ಟು ದಿನ ಕೊಟ್ಟಿಗೇಲಿ ಕಟ್ಟಿಹಾಕಿದ ದನದ ಥರ ನಿಂತಿದ್ವು ಗೊತ್ತಾ? ಜನ ಬೈದ್ರು. ನನ್ನ ಹುಡುಗರು ಅಂಜುಬುರುಕರು ಅಂದ್ರು. ಅದನ್ನೂ ಒಂದು ಸಾಲು ಬರೀರಿ."

ನೋರೀನ್ ಅದನ್ನು ಗುರುತು ಹಾಕಿಕೊಂಡಳು. ಆಮೇಲೆ ಬರೆಯಲು ಕೂತಾಗ ಬಿಟ್ಟಳು. ಜಾಗವಿರಲಿಲ್ಲವೆಂದಲ್ಲ. ಕೆಳಗೆ ಬಿದ್ದವನು ಮೀಸೆ ಮಣ್ಣಾಗಲಿಲ್ಲ ಎನ್ನುವಂತೆ ಕೇಳಿಸಿತ್ತು ಅವಳಿಗೆ. ಹಾರದ ವಿಮಾನಗಳ ದಾಖಲೆ ಯಾವ ಕಚೇರಿಯಲ್ಲೂ ಇರುವುದಿಲ್ಲ. ಇಲ್ಲದ್ದನ್ನು ಹೇಗೆ ಹೋಲಿಸುವುದು?

ಲೇಖನಕ್ಕೆ ಸಿಕ್ಕ ಮನ್ನಣೆ ಅಷ್ಟಿಷ್ಟಲ್ಲ. ಸಂಪಾದಕ ಡ್ವೈಟ್ ಎಲ್ಲರೆದುರು ಅವಳ ಬೆನ್ನು ತಟ್ಟಿದ. ಬಯಲಿನ ಹಳ್ಳಿಗಳ ಅಂಗಡಿಗಳಲ್ಲಿ, ಅಂಚೆ ಕಚೇರಿಗಳಲ್ಲಿ ಆ ಪುಟವನ್ನು ಗೋಡೆಗೆ ಅಂಟಿಸಿದರು. ಓಸ್ಟ್‌ಬಿಯ ಬಾಗಿಲಿಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ರೋಗಿಗಳನ್ನು ಕಳಿಸುತ್ತಿದ್ದ ಆಸ್ಪತ್ರೆಯವರು ಸಿಲ್ವರ್ ಟರ್ನ್ ಕಡೆ ತಿರುಗಿದರು; ಶಾಲೆಯವರು ಹಿಂಬಾಲಿಸಿದರು; ಕೊನೆಗೆ ವಿಮೆಯವರೂ ಮುಖ ಸಿಂಡರಿಸಿದರು. ಮರುವರ್ಷ ಮಂಜು ಕರಗುವ ಹೊತ್ತಿಗೆ ಹಾರ್ಲನ್ ವಿಮಾನಗಳನ್ನು ಮಾರಿ ಶೆಡ್ಡಿಗೆ ಬೀಗ ಹಾಕಿದ. ಆ ಸುದ್ದಿಯನ್ನೂ ನೋರೀನಳೇ ಬರೆದಳು, ನಾಲ್ಕು ಸಾಲಿನಲ್ಲಿ. ಬರೆಯುವಾಗ ಮನಸ್ಸಿಗೆ ಒಂದಿಷ್ಟು ಕಸಿವಿಸಿಯಾದದ್ದು ನಿಜ. ಆದರೆ ಊಟದ ಹೊತ್ತಿಗೆ ಮರೆತಿತ್ತು.

ಮುಂದಿನ ನವೆಂಬರಿನಲ್ಲಿ ಕಾನಿಲಿಕ್ ಎಂಬ ಹಳ್ಳಿಯ ಹತ್ತಿರ, ಬಯಲಿಗೆಲ್ಲ ಇದ್ದ ಒಂದೇ ಗುಡ್ಡಕ್ಕೆ ವಿಮಾನವೊಂದು ಬಡಿಯಿತು. ಪೈಲಟ್ ಸೇರಿ ಐವರಿದ್ದರು. ಒಬ್ಬರೂ ಉಳಿಯಲಿಲ್ಲ. ಸುದ್ದಿ ತಂದ ಡ್ವೈಟ್ ಅವಳ ಮೇಜಿನ ಪಕ್ಕ ನಿಂತು, ಮುಖ ನೋಡದೆ, "ಸಿಲ್ವರ್ ಟರ್ನ್," ಎಂದ.

"ಇರಲಾರದು," ಎಂಬುದೇ ನೋರೀನಳ ಬಾಯಿಂದ ಬಂದ ಮೊದಲ ಮಾತು. ಐದು ಜನ ಸತ್ತ ಸುದ್ದಿ ಕೇಳಿ, ಸತ್ತವರು ಯಾರೆಂದು ಕೇಳುವ ಮುಂಚೆ ಅವಳು ತನ್ನ ಪಟ್ಟಿಯನ್ನು ನೆನೆದಿದ್ದಳು. ಅದು ಅವಳಿಗೆ ಆಮೇಲೆ ಎಷ್ಟೋ ಸಲ ನೆನಪಾಗಿ ನಾಚಿಕೆ ತಂದಿತು.

ಪೈಲಟ್ ಎವಾನ್ ನಿಕೋಲಾಯ್. ಕಾನಿಲಿಕ್‌ನವನೇ, ಆ ಬಯಲಿನ ಮೂಲನಿವಾಸಿಗಳಾದ ಯೂಪಿಕ್ ಜನದವನು. ಓಸ್ಟ್‌ಬಿ ಏರ್ ಮುಚ್ಚುವ ತನಕ ಅಲ್ಲೇ ವಿಮಾನ ಹಾರಿಸುತ್ತಿದ್ದವನು. ಅವನನ್ನು ಬಲ್ಲವರು ನಂಬಲಿಲ್ಲ. ಹುಟ್ಟಿದಾಗಿನಿಂದ ಕಂಡ ಗುಡ್ಡಕ್ಕೆ ಹೋಗಿ ಗುದ್ದುವವನೇ ಅವನು?

ತನಿಖೆಗೆ ಬಂದ ಸರ್ಕಾರಿ ಅಧಿಕಾರಿ ನೋರೀನಳಿಗೆ ಹಳೇ ಪರಿಚಯ. ಚಹಾ ಕುಡಿಯುತ್ತ ಅವನು ಮುಚ್ಚುಮರೆಯಿಲ್ಲದೆ ಹೇಳಿದ: ಮೋಡ ನೆಲಕ್ಕಿಳಿದಿತ್ತು, ರೆಕ್ಕೆಗೆ ಹಿಮ ಹಿಡಿದಿತ್ತು, ಬೇರೆ ಇಬ್ಬರು ಪೈಲಟ್‌ಗಳು ಆ ದಿನ ಅರ್ಧ ದಾರಿಯಿಂದ ವಾಪಸಾಗಿದ್ದರು, ಇವನು ವಾಪಸಾಗಲಿಲ್ಲ. "ನಮ್ಮ ವರದಿ ಹೀಗೇ ಬರುತ್ತೆ. ಕೆಟ್ಟ ಹವೆಯಲ್ಲಿ ಹಾರಾಟ ಮುಂದುವರಿಸೋ ಪೈಲಟ್‌ನ ನಿರ್ಧಾರ."

"ಅಷ್ಟೇನಾ ಕಾರಣ?"

"ಬರೆಯೋಕಾಗೋ ಕಾರಣ ಅಷ್ಟೇ." ಅವನು ಲೋಟವನ್ನು ಅತ್ತಿತ್ತ ತಿರುಗಿಸಿದ. "ಸಿಲ್ವರ್ ಟರ್ನ್ ಶೆಡ್ಡಲ್ಲಿ ನೋಡ್ದೆ. ಬಗ್ಗಿದ ಪ್ರೊಪೆಲ್ಲರು, ಬೆಸುಗೆ ಹಾಕಿದ ಚಕ್ರದ ಕಾಲು, ತೇಪೆ ಹಚ್ಚಿದ ಹೊಟ್ಟೆ. ಒಂದೂ ನಮಗೆ ತಿಳಿಸಿದ್ದಲ್ಲ. ನಿನ್ನ ಪಟ್ಟಿ ಒಳ್ಳೇದೇ ಇತ್ತು ನೋರೀನ್. ಅವರು ನಮಗೇನು ಹೇಳಿದ್ರೋ ಅದರ ಪಟ್ಟಿ."

ಹಾರ್ಲನ್‌ನ ಮರಳುಕಾಗದದಂಥ ಗಂಟಲು ಅವಳ ಕಿವಿಯಲ್ಲಿ ಕೇಳಿಸಿತು.

ಡಿಸೆಂಬರಿನಲ್ಲಿ ಅವಳು ಪೋರ್ಟ್ ಲೆಸ್ಲಿಗೆ ಹೊರಟಳು. ಡ್ವೈಟ್‌ಗೆ ಮುಂದಿನ ಲೇಖನಕ್ಕೆಂದು ಹೇಳಿದ್ದಳು. ಯಾತಕ್ಕೆ ಹೋಗುತ್ತಿದ್ದೇನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ವಿಮಾನ ನಿಲ್ದಾಣದ ಹೊರಗೆ ಟ್ಯಾಕ್ಸಿಗಳು ಹೊಗೆಯುಗುಳುತ್ತ ನಿಂತಿದ್ದವು. ಮೊದಲು ಸಿಕ್ಕಿದ್ದಕ್ಕೆ ಹತ್ತಿ, "ಹಾರ್ಲನ್ ಓಸ್ಟ್‌ಬಿ ಅವರ ಮನೆಗೆ," ಎಂದಳು.

"ಅವನು ಮನೇಲಿಲ್ವಲ್ಲ," ಎಂದ ಚಾಲಕ, ತಿರುಗಿ ನೋಡದೆ.

"ಎಲ್ಲಿ ಸಿಗ್ತಾರೆ?"

"ಟ್ಯಾಕ್ಸಿ ಓಡಿಸ್ತಿದಾನೆ."

ಗಂಟಲಿನ ಗುರುತು ಸಿಕ್ಕಿ ನೋರೀನ್ ತಲೆಯೆತ್ತಿದಳು. ಕನ್ನಡಿಯಲ್ಲಿ ಅವನ ಕಣ್ಣುಗಳು ಕಂಡವು: ತಿಳಿನೀಲಿ, ಸುತ್ತ ಬಿಸಿಲಿಗೂ ಹಿಮಕ್ಕೂ ಸುಕ್ಕುಗಟ್ಟಿದ ಚರ್ಮ.

"ನಾನು..."

"ಗೊತ್ತಾಯ್ತು. ದನಿ ಮರೆಯೋನಲ್ಲ ನಾನು. ರೇಡಿಯೋದಲ್ಲೇ ಬದುಕಿದೋನು." ಅವನು ಗಾಡಿ ಹೊರಡಿಸಿದ. "ಏನಮ್ಮಾ, ಈಗ ಟ್ಯಾಕ್ಸಿಗಳ ಪಟ್ಟಿ ಮಾಡೋಕೆ ಬಂದ್ರಾ? ಹೋದ ವಾರ ಒಂದು ನಾಯಿಗೆ ತಾಗಿಸ್ದೆ. ಬರ್ಕೊಳ್ಳಿ. ನಾಯಿ ಚೆನ್ನಾಗಿದೆ."

ಅವಳಿಗೆ ನಗಲೂ ಆಗಲಿಲ್ಲ. "ನನ್ನಿಂದ ನಿಮಗೆ ಅನ್ಯಾಯ ಆಯ್ತು," ಎಂದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಉಳಿದದ್ದು ಅಷ್ಟೇ.

"ನೀವು ಬರೆದಿದ್ದು ಸುಳ್ಳಾ?"

"ಅಲ್ಲ."

"ಮತ್ತೆ? ನಿಜ ಬರೆದವರ ಮೇಲೆ ಕೋಪ ಮಾಡ್ಕೊಳ್ಳೋದು ಹೇಗೆ ಅಂತ ನಂಗೆ ಇನ್ನೂ ತಿಳಿದಿಲ್ಲ. ತಿಳಿದಿದ್ರೆ ಸುಖವಾಗಿರ್ತಿದ್ದೆ." ತಿರುವಿನಲ್ಲಿ ಗಾಡಿ ನಿಧಾನ ಮಾಡಿ, "ಕಾನಿಲಿಕ್‌ನಲ್ಲಿ ಎವಾನ್ ಮನೇಲಿ ಇವತ್ತು ನಲವತ್ತನೇ ದಿನದ ಪ್ರಾರ್ಥನೆ. ನಾನು ಹೊರಟಿದ್ದೆ. ಬರೋದಾದ್ರೆ ಬನ್ನಿ. ಬಾರದೇ ಇದ್ರೆ ಹೋಟೆಲಿಗೆ ಬಿಡ್ತೀನಿ," ಎಂದ.

ಅವಳು ಬರುತ್ತೇನೆಂದಳು.

ಆ ವರ್ಷ ಚಳಿ ಬೇಗ ಕಚ್ಚಿಕೊಂಡು ನದಿ ಗಟ್ಟಿಯಾಗಿತ್ತು. ನದಿ ಹೆಪ್ಪುಗಟ್ಟಿದರೆ ಅದೇ ರಸ್ತೆ. ಟ್ಯಾಕ್ಸಿ ದಡದಿಂದ ಇಳಿದು ಹಿಮಗಡ್ಡೆಯ ಮೇಲೆ ಓಡತೊಡಗಿತು. ಎರಡೂ ಕಡೆ ಗಿಡ್ಡ ಪೊದೆಗಳು, ಮೇಲೆ ಬೂದಿ ಬಣ್ಣದ ಆಕಾಶ, ಅಂಚಿನಲ್ಲಿ ತೆವಳುವ ಸೂರ್ಯ.

"ನಾನು ಅವನನ್ನ ಕಳಿಸಿಕೊಟ್ಟೆ," ಎಂದ ಹಾರ್ಲನ್ ಇದ್ದಕ್ಕಿದ್ದಂತೆ.

"ಎಲ್ಲಿಗೆ?"

"ಅಲ್ಲಿಗೇ. ಸಿಲ್ವರ್ ಟರ್ನ್‌ಗೆ. ಶೆಡ್ಡು ಮುಚ್ಚಿದಾಗ ಬಂದು ಕೇಳ್ದ, ಹೋಗ್ಲಾ ಅಂತ. ಹೋಗಪ್ಪ, ನನ್ನವಕ್ಕಿಂತ ಒಳ್ಳೇ ವಿಮಾನ, ಮೂರು ಮಕ್ಕಳಿದಾವೆ ಅಂದೆ. ಅಲ್ಲಿ ಸೇರಿದ ಮೇಲೆ ಒಂದು ದಿನ ಮೋಡ ನೋಡಿ ಅರ್ಧ ದಾರಿಯಿಂದ ವಾಪಸ್ ಬಂದ. ಮ್ಯಾನೇಜರು ಎಲ್ಲರ ಮುಂದೆ, 'ಇದು ಓಸ್ಟ್‌ಬಿ ಅಜ್ಜನ ಅಂಗಡಿ ಅಲ್ಲ, ಇಲ್ಲಿ ವಿಮಾನ ಹಾರ್ತವೆ' ಅಂದನಂತೆ. ಅವತ್ತು ಸಂಜೆ ನನ್ನ ಅಡಿಗೆಮನೇಲಿ ಕೂತು ಹೇಳ್ದ. ಕೆಲಸ ಬಿಡ್ತೀನಿ ಅಂದ."

ಗಾಡಿಯ ಚಕ್ರ ಹಿಮದ ಏಣಿನ ಮೇಲೆ ಹಾದು ಕುಲುಕಿತು.

"ನಾನೇನಂದೆ ಗೊತ್ತಾ? ಚಳಿಗಾಲ ಒಂದು ಕಳೀಲಿ, ತಾಳ್ಕೋ ಅಂದೆ. ಇಷ್ಟು ವರ್ಷ ನನ್ನ ಹುಡುಗರಿಗೆ ಒಂದೇ ಪಾಠ ಹೇಳಿದ್ದೆ ನಾನು. ಅನುಮಾನ ಬಂತಾ, ತಿರುಗಿಸು, ಯಾರು ಏನಂದ್ರೂ ತಿರುಗಿಸು ಅಂತ. ಅದೇ ಬಾಯಲ್ಲಿ ತಾಳ್ಕೋ ಅಂದೆ. ಯಾಕಂದ್ರೆ ಅವನಿಗೆ ಕೊಡೋಕೆ ನನ್ನ ಹತ್ರ ಕೆಲಸ ಇರ್ಲಿಲ್ಲ."

ನೋರೀನ್ ಕಿಟಕಿಯ ಕಡೆ ತಿರುಗಿಕೊಂಡಳು. ಕೆಲಸ ಯಾಕೆ ಇರಲಿಲ್ಲವೆಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಎವಾನ್‌ನ ಮನೆ ಕಂಬಗಳ ಮೇಲೆ ನಿಂತ ನೀಲಿ ಮನೆ. ಪ್ರಾರ್ಥನೆ ಮುಗಿದು, ಗಡ್ಡದ ಪಾದ್ರಿ ಹೊರಡುತ್ತಿದ್ದರು. ಒಳಗೆ ಧೂಪದ ವಾಸನೆ, ಗೋಡೆಯ ಮೂಲೆಯಲ್ಲಿ ಸಂತರ ಪಟಗಳ ಮುಂದೆ ಮೇಣದ ಬತ್ತಿ. ಬಾಗಿಲಲ್ಲೇ ಮಕ್ಕಳು "ಅಪಾ! ಅಪಾ!" ಎಂದು ಹಾರ್ಲನ್‌ನ ಕಾಲಿಗೆ ತೆಕ್ಕೆ ಬಿದ್ದವು. ಆ ಕಡೆ ಅಜ್ಜಂದಿರನ್ನು ಕರೆಯುವುದೇ ಹಾಗೆ. ಎವಾನ್‌ನ ಹೆಂಡತಿ ಅಗಾಫ್ಯ ಒಲೆಯ ಮುಂದಿದ್ದಳು. ದುಂಡು ಮುಖ, ಅತ್ತು ಮುಗಿಸಿದವರ ಶಾಂತಿ. ಬಂದವರಿಗೆ ಕಡವೆ ಮಾಂಸದ ಸಾರು, ಒಣಗಿಸಿದ ಮೀನು, ಗಟ್ಟಿ ಬಿಸ್ಕತ್ತು, ಕೊಬ್ಬಿನಲ್ಲಿ ಕಲಸಿದ ಕಾಡುಹಣ್ಣು ಬಡಿಸುತ್ತಿದ್ದಳು.

"ಅಪಾ, ಚಪ್ಪರಿಸ್ಕೊಂಡು ತಿನ್ಬೇಕು, ಹೋದ ಸಲ ಅರ್ಧ ಬಿಟ್ರಿ," ಎಂದು ಹಾರ್ಲನ್‌ನನ್ನು ಗದರಿ, ನೋರೀನಳ ಕಡೆ ನೋಡಿ, "ಇವರು?" ಎಂದಳು.

"ಪತ್ರಿಕೆಯವರು," ಎಂದ ಹಾರ್ಲನ್.

ಅಗಾಫ್ಯಳ ಕೈಯಲ್ಲಿದ್ದ ಸೌಟು ಒಂದು ಗಳಿಗೆ ನಿಂತಿತು. "ಆ ಪಟ್ಟಿ ಬರೆದೋರಾ?"

"ಹೌದು," ಎಂದಳು ನೋರೀನ್. ಎದ್ದು ಹೋಗು ಎಂದರೆ ಏಳಲು ಸಿದ್ಧಳಾಗಿಯೇ ಕೂತಿದ್ದಳು. ಅಗಾಫ್ಯ ಹಾಗೆನ್ನಲಿಲ್ಲ. ಅವಳ ಬಟ್ಟಲಿಗೂ ಸಾರು ಹಾಕಿ ಎದುರಿಗೇ ಕುಳಿತಳು.

"ನಾವೆಲ್ಲ ಓದಿದ್ವಿ. ನಮ್ಮಮ್ಮನಿಗೆ ಕಣ್ಣಿನ ಆಪರೇಷನ್ ಇತ್ತು. ನನ್ನ ಗಂಡ ಓಸ್ಟ್‌ಬಿ ಪೈಲಟ್ಟು, ನಾನು ನಮ್ಮಮ್ಮನ್ನ ಸಿಲ್ವರ್ ಟರ್ನಲ್ಲಿ ಕರ್ಕೊಂಡು ಹೋದೆ!" ಅವಳು ನಕ್ಕಳು, ನಗು ತುಟಿಯ ಮೇಲೇ ಉಳಿಯಿತು. "ಊರೆಲ್ಲ ಅವನನ್ನ ಆಡ್ಕೊಂಡು ನಕ್ಕಿತು. 'ಹೆಂಡ್ತೀನೇ ನಂಬಲ್ವಲ್ಲೋ ನಿನ್ನ' ಅಂತ. ಅವನೂ ನಕ್ಕ. ಆದ್ರೆ ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದ."

ಹಾರ್ಲನ್ ಬಟ್ಟಲನ್ನೇ ನೋಡುತ್ತಿದ್ದ.

"ಅವನು ಅಪಾ ಹತ್ರ ಇದ್ದಾಗ ನಂಗೆ ದಿನಾ ಜೀವ ಕೈಯಲ್ಲಿ. ಬೆಳಿಗ್ಗೆ ಎದ್ದವಳೇ ಈ ಕಿಟಕಿಗೆ ಬರ್ತಿದ್ದೆ. ಗುಡ್ಡ ಕಾಣ್ತಿದ್ರೆ ಸರಿ. ಕಾಣದೇ ಇದ್ರೆ ಪೋರ್ಟ್ ಲೆಸ್ಲಿಗೆ ಫೋನ್ ಮಾಡಿ, 'ಗುಡ್ಡ ಇಲ್ಲ, ಬರ್ಬೇಡ' ಅಂತಿದ್ದೆ. 'ಗುಡ್ಡ ಎಲ್ಲಿ ಹೋಯ್ತೇ, ಮೀನು ಹಿಡಿಯೋಕಾ?' ಅಂತ ತಮಾಷೆ ಮಾಡ್ತಿದ್ದ. ಆದ್ರೂ ಬರ್ತಿರ್ಲಿಲ್ಲ. ಆಮೇಲೆ ಸಿಲ್ವರ್ ಟರ್ನ್ ಸೇರ್ದ. ಅಬ್ಬಾ, ಎಲ್ಲಕ್ಕಿಂತ ಮೇಲಿನ ಕಂಪನಿ ಅಂತ ನಂಗೆ ಸಮಾಧಾನ. ಕಿಟಕಿಗೆ ಹೋಗೋದೇ ಬಿಟ್ಟೆ."

ಅವಳು ಮೇಜಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸಿದಳು.

"ಅವತ್ತು ಗುಡ್ಡ ಇರ್ಲಿಲ್ಲ. ನಾನು ನೀರು ಚೆಲ್ಲೋಕೆ ಹೊರಗೆ ಹೋದಾಗ ನೋಡ್ದೆ. ಕಣ್ಣಿಗೆ ಬಿತ್ತು. ಫೋನ್ ಮಾಡ್ಬೇಕು ಅಂತ ಮನಸ್ಸಿಗೆ ಬಂತು. ಅಲ್ಲಿ ನೋಡ್ಕೊಳ್ಳೋಕೆ ಜನ ಇದಾರೆ, ನಾನ್ಯಾಕೆ ಅಂತ ಒಳಗೆ ಬಂದು ಬಟ್ಟೆ ಒಗೆದೆ."

ಪಕ್ಕದ ಕೋಣೆಯಲ್ಲಿ ಮಕ್ಕಳು ಯಾವುದಕ್ಕೋ ಜಗಳವಾಡುತ್ತಿದ್ದವು. ನೋರೀನಳಿಗೆ ಆ ಹೆಂಗಸಿನ ಕೈ ಹಿಡಿದು, ನಿನ್ನ ತಪ್ಪಲ್ಲ ತಾಯಿ, ನಿನ್ನ ಕಿಟಕಿಯನ್ನು ಮುಚ್ಚಿದವಳು ನಾನು ಎನ್ನಬೇಕೆನ್ನಿಸಿತು. ಆದರೆ ಸಂಕಟ ತೋಡಿಕೊಂಡ ವಿಧವೆಯ ಮುಂದೆ ತನ್ನ ಸಂಕಟವನ್ನು ಬಡಿಸುವುದು ಎಂಥ ಮರ್ಯಾದೆ? ಅವಳು ಸಾರು ಕುಡಿದಳು. ಬಟ್ಟಲು ಖಾಲಿಯಾಗುವ ತನಕ ಕುಡಿದಳು.

ಹೊರಡುವಾಗ ಅಗಾಫ್ಯ ಮೆಟ್ಟಿಲ ತನಕ ಬಂದಳು. "ನಿಮ್ಮನ್ನ ಒಂದು ಕೇಳ್ಲಾ? ಅವನೇ ಬೀಳಿಸ್ದ ಅಂತ ಮಾತ್ರ ಬರೀಬೇಡಿ. ನನ್ನ ಮಕ್ಕಳು ಇಲ್ಲೇ ಶಾಲೆಗೆ ಹೋಗ್ಬೇಕು. ಸತ್ತವರಲ್ಲಿ ಇಬ್ಬರು ಇದೇ ಊರಿನವರು."

"ಬರೆಯಲ್ಲ," ಎಂದಳು ನೋರೀನ್.

ಮಾತು ಉಳಿಸಿಕೊಳ್ಳಲು ಅವಳು ಪಟ್ಟ ಪಾಡು ಕಡಿಮೆಯಲ್ಲ. ಆ ವಸಂತದಲ್ಲಿ ಉದ್ದದ ಲೇಖನವೊಂದನ್ನು ಬರೆದಳು. ತಾನು ಮಾಡಿದ ಹೋಲಿಕೆಯಲ್ಲಿ ಏನು ಬಿಟ್ಟುಹೋಗಿತ್ತು, ಸಣ್ಣ ಪೆಟ್ಟನ್ನು ಹೇಳಿಕೊಂಡವನು ಹೇಗೆ ಕೆಳಗೆ ಬಿದ್ದ, ಮುಚ್ಚಿಟ್ಟವನು ಹೇಗೆ ಮೇಲೇರಿದ, ವಾಪಸ್ ತಿರುಗಿ ಬಂದ ಪೈಲಟ್‌ಗಳನ್ನು ನಾವೆಲ್ಲ ಹೇಗೆ ಗೇಲಿ ಮಾಡಿದೆವು ಎಂದು ಒಂದನ್ನೂ ಬಿಡದೆ ಬರೆದಳು. ಹಾರ್ಲನ್ ಅಂದು ಫೋನಿನಲ್ಲಿ ಹೇಳಿದ್ದನ್ನು ಅವನ ಮಾತಿನಲ್ಲೇ ಹಾಕಿದಳು. ಡ್ವೈಟ್ ಓದಿ, "ಚೆನ್ನಾಗಿದೆ, ಆದ್ರೆ ಓದೋರಿಗೆ ಕೊನೇಲಿ ಏನು ಸಿಗುತ್ತೆ? ಯಾವುದು ಹತ್ತಬೇಕು ಅಂತ ಹೇಳಿಲ್ವಲ್ಲ," ಎಂದ. ಒಳಪುಟದಲ್ಲಿ ಬಂತು. ಯಾವ ಅಂಗಡಿಯವರೂ ಅದನ್ನು ಗೋಡೆಗೆ ಅಂಟಿಸಲಿಲ್ಲ. ಸಿಲ್ವರ್ ಟರ್ನ್‌ನವರು ದಂಡ ಕಟ್ಟಿ, ಮ್ಯಾನೇಜರನ್ನು ಬದಲಾಯಿಸಿ, ಮೊದಲಿನಂತೆಯೇ ಹಾರಿಸಿದರು. ಬಯಲಿನ ಜನಕ್ಕೆ ಬೇರೆ ಏನಿತ್ತು? ಹತ್ತಿದರು.

ಸರ್ಕಾರದ ಕೊನೆಯ ವರದಿ ಬಂದದ್ದು ಅದರ ಮುಂದಿನ ವರ್ಷದ ಬೇಸಿಗೆಯಲ್ಲಿ. ನೋರೀನ್ ಆ ವಾರ ತಾಯಿಯನ್ನು ನೋಡಲು ಸಿಯಾಟಲ್‌ಗೆ ಹೋಗಿದ್ದಳು. ಪತ್ರಿಕೆಯ ಹೊಸ ಹುಡುಗಿಯೊಬ್ಬಳು ವರದಿಯ ಸಾರವನ್ನು ಇದ್ದಂತೆ ಇಳಿಸಿದಳು. ಇನ್ಯಾರೋ ತಲೆಬರಹ ಕೊಟ್ಟರು: 'ಕಾನಿಲಿಕ್ ದುರಂತಕ್ಕೆ ಪೈಲಟ್ ಕಾರಣ'. ಅದರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ.

ನೋರೀನ್ ಅದನ್ನು ಕಂಡದ್ದು ವಾಪಸಾದ ಮೇಲೆ. ಡ್ವೈಟ್‌ನ ಕೋಣೆಗೆ ನುಗ್ಗಿ ಕೂಗಾಡಿದಳು. ಅವನು ಕೈ ಚೆಲ್ಲಿದ. ಆಮೇಲೆ ಅವಳು ತನ್ನ ಮೇಜಿಗೆ ಬಂದು ಕಾನಿಲಿಕ್‌ಗೆ ಫೋನು ಹಚ್ಚಿದಳು.

ಅಗಾಫ್ಯಳೇ ಎತ್ತಿದಳು. ಹಿಂದೆ ಗಾಳಿಯ ಸದ್ದು, ಹೆಂಗಸರ ಮಾತು.

"ಅಗಾಫ್ಯ, ನಾನು ನೋರೀನ್. ಅದು... ಅದನ್ನ ನಾನು ಬರೆದಿದ್ದಲ್ಲ. ನಾನು ಊರಲ್ಲಿರ್ಲಿಲ್ಲ."

"ಗೊತ್ತು. ಹೆಸರು ನೋಡ್ದೆ. ನಿಮ್ದಿರ್ಲಿಲ್ಲ."

"ಮಕ್ಕಳು?"

"ದೊಡ್ಡವನಿಗೆ ಅವನ ಶಾಲೆ ಹುಡುಗರು ಯಾರೋ ತೋರಿಸಿದಾರೆ. ಎರಡು ದಿನದಿಂದ ದೋಣಿ ತಗೊಂಡು ಮೀನಿಗೆ ಹೋಗ್ತಾನೆ, ಮಾತಾಡಲ್ಲ." ಗಾಳಿ ಜೋರಾಯಿತು. "ಅಪಾ ಬಂದಿದ್ರು. ಅವನ ಜೊತೆ ದೋಣೀಲಿ ಕೂತು ಬಂದ್ರು. ಅವರೂ ಮಾತಾಡ್ಲಿಲ್ಲವಂತೆ."

ನೋರೀನ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇಡ್ತೀನಿ ನೋರೀನ್. ಇಲ್ಲಿ ಮೀನು ಕೊಯ್ದು ನೇತು ಹಾಕ್ತಿದೀವಿ. ಕೈಯೆಲ್ಲ ರಕ್ತ," ಎಂದಳು ಅಗಾಫ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನೋರೀನಳಿಗೆ.